ಹಿರೇಬೆಂಡಿಗೇರಿಯ ತವರು

ಹಾನಗಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರುಗಳು ನನ್ನ ಜೊತೆ ಹಿಂದಿ ಮಾತಾಡುತ್ತಾರೆ. "ಕ್ಯಾಂಪ್? ಕ್ಯಾಂಪ್? ಆವೋ, ಜಲ್ದಿ ಆವೋ" ಎಂದು ಮುಂಡಗೋಡದ ಬಸ್ಸು ತೋರಿಸುತ್ತಾರೆ. ಮುಂಡಗೋಡದಲ್ಲಿ ಟಿಬೆಟಿನವರ ಕಾಲೊನಿ ಇದೆ, ನಮ್ಮ ಕಡೆ ಅದಕ್ಕೆ ಬರೀ ಕ್ಯಾಂಪು ಎಂದೇ ಹೆಸರು. ನನ್ನ ಕಣ್ಣು ಸಣ್ಣವು, ಮೂಗು ಮೊಂಡು, ಕೆನ್ನೆಯೆಲುಬು ಎದ್ದು ಕಾಣುತ್ತದೆ. ತಲೆಯ ಮೇಲೆ ಸೆರಗು ಹೊದ್ದಿದ್ದರೂ, ಕೈಯಲ್ಲಿ ಕನ್ನಡ ಪೇಪರು ಹಿಡಿದಿದ್ದರೂ ಈ ಮುಖದ ಮುಂದೆ ಅವೆಲ್ಲ ಲೆಕ್ಕಕ್ಕೆ ಬರುವುದಿಲ್ಲ. ರಟ್ಟೀಹಳ್ಳಿ, ಚಿಕ್ಕೇರೂರು ಕಡೆಯ ಶಾಲೆಗಳಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತಳಾದವಳು ನಾನು. "ಕ್ಯಾಂಪಲ್ಲೋ ತಮ್ಮಾ, ನಾ ಹಿರೇಕೆರೂರಿಗೆ ಹೊಂಟೇನಿ" ಎಂದಾಗ ಅವರ ಮುಖ ನೋಡಬೇಕು. "ಕನ್ನಡ ಭಾಳ ಛಲೋ ಮಾತಾಡ್ತೀರಿ ಬಿಡ್ರಿ" ಎಂದು ಒಬ್ಬ ಮೆಚ್ಚಿಕೊಂಡೂ ಇದ್ದ.

ಈ ಮುಖ ನನಗೆ ಅವ್ವನಿಂದ ಬಂತು, ಅವ್ವನಿಗೆ ಅವಳ ಅವ್ವನಿಂದ. ಆ ಅಜ್ಜಿಯನ್ನು ನಾನು ನೋಡಿಲ್ಲ. ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದಳು, ಫೋಟೊ ಕೂಡ ಇಲ್ಲ. ಅಜ್ಜ ಸವಣೂರಿನಲ್ಲಿ ದರ್ಜಿ. ಮನೆತನಕ್ಕೆ ಒಂದು ಎಲೆಬಳ್ಳಿ ತೋಟವಿತ್ತು. ಅಜ್ಜಿ ಯಾವ ಊರಿನವಳು ಎಂದು ಕೇಳಿದಾಗಲೆಲ್ಲ ಅವ್ವ "ದೂರದಾಕಿ" ಎನ್ನುತ್ತಿದ್ದಳು. ಎಷ್ಟು ದೂರ ಎಂದು ಮತ್ತೆ ಕೇಳಿದರೆ, "ಬಂಗಾಲದ ಕಡೆ ಇರಬೇಕವಾ, ನನಗೇನ ಗೊತ್ತು" ಎಂದು ಎದ್ದು ಒಲೆಯ ಕಡೆ ಹೋಗಿಬಿಡುತ್ತಿದ್ದಳು.

ನಾವು ಶಾಲೆಯಿಂದ ಬಂದಾಗ ಅವ್ವ ಬಾಗಿಲಲ್ಲೇ ನಿಂತು "ಥಮಿನ್ ಸಾ ಪೀ ಬೀ ಲಾ?" ಎಂದು ರಾಗ ಎಳೆಯುತ್ತಿದ್ದಳು. ನಾವು "ಪೀ ಬೀ!" ಎಂದು ಕೂಗಿ ಒಳಗೆ ನುಗ್ಗುತ್ತಿದ್ದೆವು. ಅದು ಕನ್ನಡವಲ್ಲ, ನಮ್ಮ ಮನೆಯ ಉರ್ದುವೂ ಅಲ್ಲ. ಕೂಸು ಆಡಿಸುವಾಗ ಬಾಯಿಗೆ ಬಂದದ್ದನ್ನು ಹಾಡುತ್ತಾರಲ್ಲ, ಅಂಥದ್ದೇ ಎಂದು ತಿಳಿದಿದ್ದೆ.

ಅವ್ವ ತೀರಿಕೊಂಡು ನಾಲ್ಕು ವರ್ಷವಾದ ಮೇಲೆ ತೋಟದ ಪಹಣಿಗೆ ನಮ್ಮ ಹೆಸರು ಹಚ್ಚಲು ವಂಶವೃಕ್ಷದ ಪತ್ರ ಬೇಕಾಯಿತು. ಅದಕ್ಕೆ ಅವ್ವನ ಶಾಲೆಯ ದಾಖಲೆ ತರಬೇಕೆಂದರು. ನಿವೃತ್ತಳಾಗಿ ಮನೆಯಲ್ಲಿ ಕೂತಿದ್ದ ನನಗೇ ಆ ಕೆಲಸ ಬಂತು. ಸವಣೂರಿನ ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ ಕಪಾಟಿನಿಂದ ಹಳೆಯ ದಾಖಲಾತಿ ಪುಸ್ತಕ ತೆಗೆದು ಧೂಳು ಜಾಡಿಸಿದರು. ಅವ್ವನ ಹೆಸರು ಸಿಕ್ಕಿತು. ಅದರ ಮುಂದೆ ಹುಟ್ಟಿದ ಊರಿನ ಅಂಕಣದಲ್ಲಿ "ಹಿರೇಬೆಂಡಿಗೇರಿ, ತಾಲೂಕು ಶಿಗ್ಗಾಂವಿ" ಎಂದು ಬರೆದಿತ್ತು.

"ಇದು ತಪ್ಪಿರಬೇಕ್ರಿ. ಆ ಊರಾಗ ನಮ್ಮವರು ಯಾರೂ ಇಲ್ಲ" ಎಂದೆ.

"ನಿಮ್ಮವ್ವ ಚೊಚ್ಚಲ ಮಗಳೇನ್ರಿ?" ಎಂದು ಅವರು ಕೇಳಿದರು.

"ಹೌದ್ರಿ."

"ಮತ್ತ? ಚೊಚ್ಚಲ ಅಂದ್ರ ತವರಮನ್ಯಾಗ ಹುಟ್ಟಿರತಾರ. ನಿಮ್ಮಜ್ಜಿ ತವರು ಅಲ್ಲೇ ಇರಬೇಕು ನೋಡ್ರಿ."

ನಮ್ಮ ಕಡೆ ಮೊದಲ ಬಾಣಂತನ ತವರಿನದು. ಹಿಂದೂ ಮುಸಲ್ಮಾನ ಎನ್ನದೆ ಎಲ್ಲರ ಮನೆಯಲ್ಲೂ ಅದೇ ನಡೆ. ಅವರ ಮಾತು ಸರಿಯೇ. ಆದರೆ ದೂರದಿಂದ ಬಂದ ಹೆಂಗಸಿನ ತವರು ಸವಣೂರಿನಿಂದ ಒಂದು ಹೊತ್ತಿನ ಚಕ್ಕಡಿ ದಾರಿಯಲ್ಲಿ ಹೇಗೆ ಇರುತ್ತದೆ? ಆ ದಿನ ದಾಖಲೆಯ ನಕಲು ತೆಗೆದುಕೊಂಡು ಹೊರಬಿದ್ದವಳಿಗೆ ವಂಶವೃಕ್ಷದ ಕೆಲಸ ಮರೆತೇ ಹೋಗಿತ್ತು.

ಇದನ್ನೆಲ್ಲ ಬಲ್ಲವರು ಯಾರಾದರೂ ಉಳಿದಿದ್ದರೆ ಅದು ನನ್ನ ಖಾಲಾ ಒಬ್ಬಳೇ. ಅವ್ವನ ತಂಗಿ, ಎಂಬತ್ತು ದಾಟಿದವಳು, ಹಾನಗಲ್ಲಿನಲ್ಲಿ ಮಗನ ಮನೆಯಲ್ಲಿದ್ದಾಳೆ. ಮರುದಿನ ಬೆಳಗ್ಗೆಯೇ ಹೋದೆ. ಅವಳು ಪಡಸಾಲೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು.

"ಖಾಲಾ, ಅವ್ವ ಹಿರೇಬೆಂಡಿಗೇರ್ಯಾಗ ಹುಟ್ಟ್ಯಾಳಂತ. ಖರೆ ಏನು?"

ಅವಳ ಕೈ ನಿಂತಿತು. "ಯಾರು ಹೇಳಿದ್ರು ನಿನಗ?"

"ಸಾಲಿ ಪುಸ್ತಕದಾಗ ಬರದೈತಿ."

"ನಿಮ್ಮವ್ವ ನನ್ನ ಕಡೆ ಆಣಿ ಮಾಡಿಸ್ಕೊಂಡಾಳ. ಆ ಸುದ್ದಿ ಯಾರ ಮುಂದೂ ತೆಗಿಯಂಗಿಲ್ಲ ಅಂತ."

"ಆಕಿ ಹೋಗಿ ನಾಕು ವರ್ಷ ಆತು ಖಾಲಾ."

"ಆಕಿ ಹೋದ್ರ ಆಣಿನೂ ಹೋತೇನು?" ಎಂದು ಮತ್ತೆ ಬೆಳ್ಳುಳ್ಳಿಗೆ ಕೈ ಹಾಕಿದಳು. ನಾಲ್ಕು ಎಸಳು ಸುಲಿದು ತಾನಾಗಿಯೇ ಅಂದಳು: "ನಮ್ಮವ್ವ ಜಹಾಜಿನಾಗ ಬಂದಾಕಿ. ಅಪ್ಪ ದರ್ಜಿ ಕೆಲಸಕ್ಕಂತ ಪರದೇಶಕ್ಕ ಹೋಗಿ, ಬರುವಾಗ ಆಕಿನ್ನ ಲಗ್ನ ಆಗಿ ಕರಕೊಂಡ ಬಂದಾನ. ಯಾವ ದೇಶ ಅಂತ ನಮಗ ಯಾರೂ ಹೇಳಲಿಲ್ಲ. ನಿಮ್ಮವ್ವನ ಲಗ್ನದ ಮಾತು ನಡದಾಗ ಗಂಡಿನವರು ಖಾನ್ದಾನ್ ಯಾವುದು, ತಾಯಿ ಎಲ್ಲ್ಯಾಕಿ ಅಂತ ಭಾಳ ಕೆದಕಿದ್ರು. ಒಂದು ಸಂಬಂಧ ತಪ್ಪಿನೂ ಹೋತು. ಅವತ್ತಿಂದ ಆಕಿ ಬಾಯಿ ಕಟ್ಟಿಬಿಟ್ಲು."

ಅವ್ವನ ಮೌನದ ಹಿಂದೆ ಇಂಥದೊಂದು ಏಟು ಇತ್ತೆಂದು ನನಗೆ ಗೊತ್ತಿರಲಿಲ್ಲ. ಹೆಚ್ಚು ಒತ್ತಾಯ ಮಾಡಲು ಮನಸ್ಸಾಗಲಿಲ್ಲ. ಏಳುವ ಮುಂಚೆ, "ಅವ್ವ ನಮಗ ಒಂದು ಮಾತು ಅಂತಿದ್ಲು, ಥಮಿನ್ ಸಾ ಅಂತ. ನಿನಗ ನೆನಪೈತೇನು?" ಎಂದೆ.

ಖಾಲಾಳ ಮುಖ ಅರಳಿತು. ತಡವರಿಸದೆ ಪೂರ್ತಿ ಹೇಳಿದಳು. ಅವಳ ಬಾಯಲ್ಲಿ ಆ ಮಾತಿಗೆ ಅವ್ವನಿಗಿಂತ ಬೇರೆಯೇ ಏರಿಳಿತವಿತ್ತು. "ನಮ್ಮವ್ವನ ಮಾತದು. ಅರ್ಥ ಯಾರು ಕೇಳ್ಯಾರ? ಆಕಿ ಅಂತಿದ್ಲು, ನಾವೂ ಅಂದ್ವಿ." ಇನ್ನೊಂದು ಸಲ ಹೇಳಿಸಿ ಮೊಬೈಲಿನಲ್ಲಿ ಹಿಡಿದುಕೊಂಡೆ.

ಬಸ್ ಸ್ಟ್ಯಾಂಡಿಗೆ ಬಂದಾಗ ಎಂದಿನಂತೆ ಒಬ್ಬ ಕಂಡಕ್ಟರು "ಕ್ಯಾಂಪ್?" ಎಂದ. ಇಲ್ಲ ಎನ್ನಲು ಬಾಯಿ ತೆರೆದವಳು ಯಾಕೋ "ಹೂಂ" ಎಂದು ಹತ್ತಿ ಕೂತೆ. ಊರವರೆಲ್ಲ ಇಷ್ಟು ವರ್ಷ ನನ್ನನ್ನು ಅಲ್ಲಿಗೇ ಕಳಿಸುತ್ತಿದ್ದರು. ಒಮ್ಮೆ ಹೋಗಿ ಕೇಳಿಯೇ ಬಿಡೋಣ ಎನ್ನಿಸಿತು.

ಕ್ಯಾಂಪಿನಲ್ಲಿ ಇಳಿದು ಒಂದು ಚಹಾದಂಗಡಿ ಹೊಕ್ಕೆ. ಅಂಗಡಿಯ ಟಿಬೆಟಿ ಹೆಂಗಸು ನನ್ನನ್ನು ನೋಡಿ ತಮ್ಮ ಭಾಷೆಯಲ್ಲಿ ಏನೋ ಕೇಳಿದಳು. ನಾನು ಕನ್ನಡದಲ್ಲಿ ಉತ್ತರಿಸಿದೆ. ಅವಳು ನಕ್ಕು, "ಅಯ್ಯ, ನಮ್ಮವರು ಅಂತ ತಿಳಕೊಂಡಿದ್ದೆ, ಕುಂತ್ಕೊರ್ರಿ" ಎಂದಳು. ಅಪ್ಪಟ ನಮ್ಮ ಕಡೆಯ ಮಾತು. ನಾನು ಬಂದ ಕಾರಣ ಹೇಳಿ ಮೊಬೈಲು ಅವಳ ಕಿವಿಗೆ ಹಿಡಿದೆ. ಎರಡು ಸಲ ಕೇಳಿದಳು.

"ಇದು ನಮ್ಮ ಮಾತಲ್ರಿ ಅಕ್ಕಾರ. ಆದ್ರ ಈ ರಾಗ ನಾ ಕೇಳೇನಿ. ಬರ್ಮಾ ಕಡೆಯವರು ಒಬ್ಬರು ಭಿಕ್ಕು ಇಲ್ಲಿ ಓದಾಕ ಬಂದಾರ. ಫೋನಿನಾಗ ಹಿಂಗ ಮಾತಾಡತಿರತಾರ. ತಡೀರಿ, ಈಗ ಬರೋ ಹೊತ್ತು."

ಅವರು ಬಂದಾಗ ಅಂಗಡಿಯಾಕೆ ನನ್ನ ಮೊಬೈಲನ್ನು ಮೇಜಿನ ಮೇಲಿಟ್ಟು ಖಾಲಾಳ ದನಿ ಹಾಕಿದಳು. ನಲವತ್ತರ ಆಸುಪಾಸಿನ ಮನುಷ್ಯ, ಕನ್ನಡಕ ಹಾಕಿದ್ದರು. ದನಿ ಕೇಳುತ್ತಲೇ ಮೊಬೈಲಿನ ಕಡೆ ಬಾಗಿ, ಎದುರಿಗೆ ಯಾರೋ ಹಿರಿಯರು ಕೂತಿದ್ದಾರೆ ಎಂಬಂತೆ, ಮೆಲ್ಲಗೆ "ಸಾ ಪೀ ಬೀ" ಎಂದರು. ಆಮೇಲೆ ನನ್ನತ್ತ ತಿರುಗಿ ತುಂಡು ಹಿಂದಿಯಲ್ಲಿ ವಿವರಿಸಿದರು. ಅದು ಬರ್ಮೀ ಮಾತು. ಅನ್ನ ಉಂಡಾಯಿತೇ ಎಂದು ಅರ್ಥ. ಅವರ ಊರಿನಲ್ಲಿ ಯಾರಾದರೂ ಮನೆಗೆ ಬಂದರೆ, ದಾರಿಯಲ್ಲಿ ಸಿಕ್ಕರೆ, ಮೊದಲು ಕೇಳುವುದು ಅದನ್ನೇ. ತನ್ನ ತಾಯಿಯೂ ಫೋನಿನಲ್ಲಿ ದಿನಾ ಕೇಳುತ್ತಾಳೆ ಎಂದರು. ಈ ಅಜ್ಜಿ ಯಾರು, ಬರ್ಮಾದಲ್ಲಿ ಯಾವ ಊರು ಎಂದು ವಿಚಾರಿಸಿದರು.

"ಹಾನಗಲ್" ಎಂದೆ. ನನಗೇ ನಗು ಬಂತು, ಕಣ್ಣಲ್ಲಿ ನೀರೂ ಬಂತು.

ಅಲ್ಲಿಂದ ನನ್ನೂರು ಹಿರೇಕೆರೂರಿಗೆ ಹೋಗದೆ ಖಾಲಾಳ ಮನೆಗೇ ವಾಪಸು ಹೋದೆ. ಬಾಗಿಲಲ್ಲೇ ಹೇಳಿದೆ: "ಖಾಲಾ, ಅಜ್ಜಿ ಬರ್ಮಾದಾಕಿ. ನೀವು ಅಂತಿದ್ದ ಮಾತಿಗೆ ಊಟ ಆತೇನು ಅಂತ ಅರ್ಥ."

"ಇಷ್ಟ ಏನು?" ಎಂದಳು. "ನಾ ಏನೋ ದೊಡ್ಡ ದುವಾ ಇರಬೇಕು ಅಂತಿದ್ದೆ." ನಕ್ಕಳು. ನಗುತ್ತಾ ನಗುತ್ತಾ ಸೆರಗು ಬಾಯಿಗೆ ಒತ್ತಿಕೊಂಡಳು. "ಮನ್ಯಾಗ ಏನೂ ಇರದ ದಿನಾನೂ ಕೇಳತಿದ್ಲವಾ ಆಕಿ. ಕೇಳಿ ನಮ್ಮ ಮುಖ ನೋಡತಿದ್ಲು."

ಅವತ್ತು ಸಂಜೆ ಖಾಲಾ ತನ್ನ ಅಕ್ಕನಿಗೆ ಕೊಟ್ಟ ಆಣೆಯನ್ನು ಪೂರ್ತಿ ಮುರಿದಳು. ಅವ್ವ ಹುಟ್ಟಿದ್ದು ಹಿರೇಬೆಂಡಿಗೇರಿಯ ಒಬ್ಬ ಒಕ್ಕಲಿಗರ ಮನೆಯಲ್ಲಿ ಎಂಬುದು ನಿಜ. ಖಾಲಾ ಕೂಡ ಚಿಕ್ಕವಳಿದ್ದಾಗ ನಾಲ್ಕೈದು ವರ್ಷ, ಹೆಣ್ಣುಮಕ್ಕಳು ತವರಿಗೆ ಹೋಗುವ ನಾಗರಪಂಚಮಿ ಹಬ್ಬಕ್ಕೆ, ಅಲ್ಲಿಗೆ ಹೋಗಿದ್ದಳು. ಆ ಮನೆಯಲ್ಲಿ ಒಬ್ಬ ಹಿರಿಯ ಹೆಂಗಸಿದ್ದಳು, ಮಕ್ಕಳೆಲ್ಲ ಅವಳನ್ನು ಬೆಂಡಿಗೇರಿ ಅವ್ವ ಎನ್ನುತ್ತಿದ್ದರು. ಅಜ್ಜಿ ತೀರಿಕೊಂಡಾಗ ಖಾಲಾಳಿಗೆ ಒಂಬತ್ತು ವರ್ಷ. ಆಮೇಲೂ ಎರಡು ಪಂಚಮಿಗೆ ಬೆಂಡಿಗೇರಿ ಅವ್ವ ಚಕ್ಕಡಿ ಕಳಿಸಿದ್ದಳು. ಮೂರನೆಯ ವರ್ಷ ಚಕ್ಕಡಿ ಬರಲಿಲ್ಲ. ಆಕೆಯೂ ತೀರಿಕೊಂಡ ಸುದ್ದಿ ಬಂತು. ಅಷ್ಟರಲ್ಲಿ ಅಜ್ಜನೂ ಅಂಗಡಿಯನ್ನು ಹಾನಗಲ್ಲಿಗೆ ಎತ್ತಿಕೊಂಡು ಬಂದಿದ್ದ. ಜಗಳ ಆಗಲಿಲ್ಲ, ಯಾರೂ ಬೇಡ ಎನ್ನಲಿಲ್ಲ, ಹೋಗಿಬರುವುದು ನಿಂತುಹೋಯಿತು.

"ಯಾಕ ಆಕಿ ಅಜ್ಜಿನ್ನ ಮಗಳ ಹಂಗ ಕರಕೊಂಡ್ಲು?" ಎಂದು ಕೇಳಿದೆ.

"ಅದು ನನಗ ಗೊತ್ತಿಲ್ಲ. ಸಣ್ಣಾಕಿದ್ದೆ ನಾ. ತವರು ಅಂತಿದ್ರು, ಹೋಗತಿದ್ವಿ."

ಅದಾದ ವಾರದಲ್ಲಿ ಸವಣೂರಿನ ಹಳೆಯ ನಿಕಾಹ್ ದಾಖಲೆಯ ದಫ್ತರವನ್ನೂ ನೋಡಿದೆ. ಬರ್ಮಾದಲ್ಲಿ ಆದ ಮದುವೆಯನ್ನು ಒಪ್ಪದ ಮನೆಯವರು ಊರಿಗೆ ಬಂದ ಮೇಲೆ ಇನ್ನೊಮ್ಮೆ ನಿಕಾಹ್ ಮಾಡಿಸಿದ್ದರು. ಉರ್ದು ಓದಬಲ್ಲ ಹಿರಿಯರೊಬ್ಬರು ಗೆರೆಯ ಮೇಲೆ ಬೆರಳಿಟ್ಟು ಓದಿ ಹೇಳಿದರು. ವಧುವಿನ ಊರು ರಂಗೂನ್. ತಂದೆಯ ಹೆಸರಿನ ಜಾಗ ಖಾಲಿ. ಆಕೆಗೆ ಇಲ್ಲಿ ಇಟ್ಟ ಹೊಸ ಹೆಸರಿತ್ತು, ತಂದೆತಾಯಿ ಇಟ್ಟ ಹೆಸರು ಇರಲಿಲ್ಲ. ಅದನ್ನು ನಾನು ಇನ್ನೂ ಹುಡುಕುತ್ತಿದ್ದೇನೆ. ಸಿಗುತ್ತದೆ ಎಂಬ ಭರವಸೆ ಹೆಚ್ಚಿಲ್ಲ. ಆ ಖಾಲಿ ಜಾಗವನ್ನು ನೋಡಿ ಬಂದ ದಿನ ಮಾತ್ರ ನನಗೆ ಊಟ ಸೇರಲಿಲ್ಲ.

ಖಾಲಾಳನ್ನು ಹಿರೇಬೆಂಡಿಗೇರಿಗೆ ಕರೆದುಕೊಂಡು ಹೋಗಲು ಬಾಡಿಗೆ ಕಾರು ಮಾಡಿದೆ. ಅವಳು ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದು ಉಟ್ಟಳು. ಮೊಣಕಾಲು ನೋವು ಎಂದು ಮಸೀದಿ ಓಣಿಯ ತನಕವೂ ನಡೆಯದವಳು ಕಾರಿನ ಬಾಗಿಲು ತಾನೇ ತೆಗೆದು ಕೂತಳು. ಶಿಗ್ಗಾಂವಿ ದಾಟಿದ ಮೇಲೆ ಕಿಟಕಿಯಿಂದ ಮುಖ ತೆಗೆಯಲಿಲ್ಲ. ಊರು ಹೊಕ್ಕಾಗ ಅವಳಿಗೆ ಏನೂ ಗುರುತು ಹತ್ತಲಿಲ್ಲ. "ಎದುರಿಗೆ ಒಂದು ಗರಡಿಮನಿ ಇತ್ತು. ಒಳಗಿನ ಕೆಂಪು ಮಣ್ಣು ಮೆತ್ತಕೊಂಡ್ರ ಬೈತಿದ್ರು" ಎಂದಷ್ಟೇ ನೆನಪು ಹೇಳಿದಳು. ಕಟ್ಟೆಯ ಮೇಲೆ ಕೂತಿದ್ದವರನ್ನು ಗರಡಿಮನೆ ಕೇಳಿದೆವು. ಅದು ಈಗ ಅಂಗನವಾಡಿಯಾಗಿದೆ, ಅದರ ಎದುರಿನ ಮನೆ ಮಾತ್ರ ಹಾಗೆಯೇ ಇದೆ ಎಂದು ಒಬ್ಬರು ದಾರಿ ತೋರಿಸಿದರು.

ಮನೆಯ ಅಂಗಳದಲ್ಲಿ ಎಪ್ಪತ್ತೈದರ ಹತ್ತಿರದ ಒಬ್ಬ ಗೃಹಸ್ಥರು ಗೋವಿನಜೋಳ ಹರವುತ್ತಿದ್ದರು. ನಮ್ಮನ್ನು ನೋಡಿ ಯಾವುದೋ ಸರ್ವೆಯವರು ಎಂದುಕೊಂಡಿರಬೇಕು. "ಬರ್ರಿ, ಯಾರು ಬೇಕಾಗಿತ್ರಿ?" ಎಂದರು.

ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಅದೆಲ್ಲ ಮರೆತುಹೋಯಿತು. ಖಾಲಾಳೇ ಮುಂದೆ ಬಂದಳು. "ನಾ ಸವಣೂರಾಕಿಯ ಮಗಳರೀ" ಎಂದಳು. ಅಷ್ಟೇ.

ಅವರು ಕೈಯಲ್ಲಿದ್ದ ಹಲಗೆ ಅಲ್ಲೇ ಬಿಟ್ಟರು. ಖಾಲಾಳ ಮುಖವನ್ನು ದಿಟ್ಟಿಸಿದರು, ನನ್ನ ಮುಖ ನೋಡಿದರು. ಆಮೇಲೆ ಒಳಗೆ ತಿರುಗಿ ಹೆಂಡತಿಯನ್ನು ಕೂಗಿದರು: "ಏಯ್, ಲಗೂ ಬಾ ಇಲ್ಲೆ. ಅವ್ವ ಹೇಳತಿದ್ಲಲ್ಲ, ಸವಣೂರಾಕಿ! ಆಕಿ ಮಗಳು ಬಂದಾಳ. ಕಾಲಿಗೆ ನೀರು ತಾ."

ಬೆಂಡಿಗೇರಿ ಅವ್ವ ಅವರ ಅಜ್ಜಿ, ಅವರ ಮಾತಿನಲ್ಲಿ ಆಯಿ. ಆಕೆ ಹೋದಾಗ ಅವರು ಸಣ್ಣವರು. ಆದರೆ ಅವರ ತಾಯಿ ಆ ಕತೆಯನ್ನು ಎಷ್ಟು ಸಲ ಹೇಳಿದ್ದಳೆಂದರೆ ತಾವೇ ಕಂಡಂತೆ ಹೇಳಿದರು.

ಆಯಿ ವಾರಕ್ಕೊಮ್ಮೆ ಸವಣೂರ ಸಂತೆಗೆ ಸೊಪ್ಪಿನ ಸಿವುಡು ಮಾರಲು ಹೋಗುತ್ತಿದ್ದಳು. ಒಂದು ವಾರ ಬುಟ್ಟಿಯಲ್ಲಿ ಹುಳಿ ಎಲೆಯ ಪುಂಡಿಪಲ್ಯ ಇತ್ತು. ಬಸುರಿ ಹೆಂಗಸೊಬ್ಬಳು ಬಂದು ಬುಟ್ಟಿಯ ಮುಂದೆ ನಿಂತಳು. ಬೇರೆಯೇ ಮುಖ, ಮಾತು ಬಾರದು. ಬಾಗಿ ಒಂದು ಎಲೆ ಮುರಿದು ಬಾಯಿಗೆ ಹಾಕಿಕೊಂಡಳು, ಹುಳಿ ನಾಲಿಗೆಗೆ ತಾಗಿದ್ದೇ ಸಂತೆಯ ನಡುವೆ ಕೂತು ಅಳತೊಡಗಿದಳು.

"ಆಯಿಗೆ ಗಾಬರಿ ಆತಂತ. ಪಲ್ಯ ತಿಂದು ಅಳೋರನ್ನ ಆಕಿ ನೋಡಿರಲಿಲ್ಲ" ಎಂದು ಅವರು ನಕ್ಕರು. "ಸಿವುಡು ಹಂಗ ಕೊಟ್ಟು ಕಳಿಸಿದ್ಲು. ಮುಂದಿನ ವಾರ ಮತ್ತ ಬಂದ್ಲು. ಹಂಗ ನಂಟು ಹತ್ತಿತು ನೋಡ್ರಿ."

ಬರ್ಮಾದವರು ಪುಂಡಿಸೊಪ್ಪನ್ನು ನಮ್ಮಷ್ಟೇ ತಿನ್ನುತ್ತಾರೆ ಎಂದು ನನಗೆ ಆಮೇಲೆ ತಿಳಿಯಿತು. ಹಡಗು, ರೈಲು, ಚಕ್ಕಡಿ ಎಲ್ಲ ದಾಟಿ ಬಂದವಳಿಗೆ ಈ ಸೀಮೆಯಲ್ಲಿ ಮೊದಲು ಗುರುತು ಹತ್ತಿದ್ದು ಆ ಎಲೆ.

ಆಯಿ ವಿಚಾರಿಸಿ ತಿಳಿದುಕೊಂಡಳು. ಅಜ್ಜಿಯ ಅತ್ತೆ ಸೊಸೆಯನ್ನು ಒಲೆಯ ಹತ್ತಿರ ಬಿಡುತ್ತಿರಲಿಲ್ಲ. ಬಸುರಿಯ ಬಯಕೆ ಕೇಳುವವರಿರಲಿಲ್ಲ. ಆಯಿಗೆ ಒಬ್ಬಳೇ ಮಗಳು ಹುಟ್ಟಿ ಹತ್ತು ವರ್ಷಕ್ಕೆ ಹೋಗಿಬಿಟ್ಟಿದ್ದಳು. ಏಳು ತಿಂಗಳು ತುಂಬಿದಾಗ ಆಯಿ ಐದು ನಮೂನೆಯ ಬುತ್ತಿ ಕಟ್ಟಿಕೊಂಡು, ಹಸಿರು ಕುಬಸದ ಖಣ ಹಿಡಿದು, ಗಂಡನಿಂದ ಚಕ್ಕಡಿ ಹೂಡಿಸಿಕೊಂಡು ಸವಣೂರಿನ ಆ ಮನೆಯ ಮುಂದೆ ಇಳಿದಳು. ಅತ್ತೆ ಬಾಗಿಲಿಗೆ ಬಂದು "ನೀ ಯಾರು?" ಎಂದಳು.

ಮುಂದಿನ ಮಾತನ್ನು ಅವರು ಆಯಿಯ ದನಿಯಲ್ಲೇ ಹೇಳಿದರು: "ಚೊಚ್ಚಲ ಬಾಣಂತನ ತವರಮನ್ಯಾಗ ಆಗಬೇಕು. ಈಕಿ ತವರು ಸಮುದ್ರದಾಚೆ ಐತಿ, ಅಲ್ಲಿಗೆ ಚಕ್ಕಡಿ ಹೋಗಂಗಿಲ್ಲ. ಅದಕ್ಕ ನಮ್ಮ ಮನಿಗೆ ಕರಕೊಂಡ ಹೊಂಟೇನಿ. ಐದು ತಿಂಗಳಾದ ಮ್ಯಾಲ ಕೂಸಿನ ಜೋಡಿ ಕಳಸ್ತೇನಿ."

"ಅತ್ತಿ ಏನಂದ್ಲು?" ಖಾಲಾ ಕೇಳಿದಳು. ಮಗುವಿನಂತೆ ಮುಂದೆ ಬಾಗಿದ್ದಳು.

"ಏನ ಅಂತಾಳ? ತವರಿನವರು ಬಂದು ಕರದ್ರ ಕಳಸಲಾರದ ಇರಾಕ ಬರತೈತೇನ್ರಿ?"

ಆಮೇಲೆ ಪ್ರತಿ ಪಂಚಮಿಗೂ ಕರೆ ಹೋಯಿತು. ಆಯಿ ಕೂಸಿಗೆ ಎಣ್ಣೆ ನೀರು ಹಾಕಿದಳು, ಕೂಸಿನ ತಾಯಿಗೆ ಕನ್ನಡ ಕಲಿಸಿದಳು. ಅತ್ತೆಯೂ ಬರಬರುತ್ತಾ ಮೆತ್ತಗಾದಳಂತೆ. ತವರು ಇರುವ ಸೊಸೆಯ ತೂಕವೇ ಬೇರೆ.

ಮಧ್ಯಾಹ್ನ ಅವರ ಹೆಂಡತಿ ನಮಗೆ ಊಟಕ್ಕೆ ಬಡಿಸಿದರು. ಬಿಸಿ ರೊಟ್ಟಿಯ ಜೊತೆ ಪುಂಡಿಪಲ್ಯ ಇತ್ತು. ನುಚ್ಚು ಬೇಳೆ ಹಾಕಿ ಕುದಿಸಿದ ನಮ್ಮ ಪಲ್ಯವಲ್ಲ. ಎಲೆಯನ್ನು ಎಣ್ಣೆಯಲ್ಲಿ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಹಾಕಿ ಹುರಿದದ್ದು. "ಇದು ನಮ್ಮ ಮನ್ಯಾಗ ಅಷ್ಟ ಮಾಡತಾರ್ರಿ. ನಮ್ಮತ್ತಿ ನನಗ ಕಲಿಸಿದ್ಲು. ಸವಣೂರ ಪುಂಡಿ ಅಂತೀವಿ. ಹಂಗ ಯಾಕ ಅಂತೀವಿ ಅಂತ ನಮ್ಮ ಸೊಸ್ತ್ಯಾರಿಗೆ ಇವತ್ತು ತಿಳೀತು" ಎಂದರು. ಖಾಲಾ ಎರಡು ಸಲ ಹಾಕಿಸಿಕೊಂಡಳು. ಮೂರನೆಯ ಸಲ ಕೇಳಲು ನಾಚಿ ನನ್ನ ತಾಟಿನಿಂದ ತೆಗೆದುಕೊಂಡಳು.

ಹೊರಡುವಾಗ ಆ ಮನೆಯಾಕೆ ಖಾಲಾಳನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಖಣ. ಕುಂಕುಮದ ಬಟ್ಟಲು ಹಿಡಿದು, ಹಚ್ಚಬೇಕೋ ಬೇಡವೋ ಎಂದು ಒಂದು ಕ್ಷಣ ತಡೆದರು. ಖಾಲಾ ಕೈ ಮುಂದೆ ಚಾಚಿ, "ಅರಿಷಿಣ ಹಚ್ಚವಾ, ಕೈಗೆ. ಆಯಿ ಹಂಗ ಹಚ್ಚತಿದ್ಲು" ಎಂದಳು. ಹಚ್ಚಿದರು. ಕಾರಿನಲ್ಲಿ ಹಾನಗಲ್ ತನಕ ಅವಳು ಆ ಉಡಿಯನ್ನು ಎರಡೂ ಕೈಯಿಂದ ಹಿಡಿದೇ ಕೂತಿದ್ದಳು.

ಇದು ನಡೆದದ್ದು ಬೇಸಿಗೆಯ ಕೊನೆಗೆ. ನಾನು ಅಷ್ಟಕ್ಕೆ ಮುಗಿಯಿತು ಎಂದುಕೊಂಡೆ. ಹುಡುಕಿದ್ದು ಸಿಕ್ಕಿತ್ತು, ಬರೆದಿಡಬೇಕಾದ್ದನ್ನು ಬರೆದಿಟ್ಟಿದ್ದೆ. ಆದರೆ ಪಂಚಮಿಗೆ ಎರಡು ದಿನ ಇರುವಾಗ ಖಾಲಾಳ ಮಗ ಫೋನು ಮಾಡಿದ. "ಅಕ್ಕಾ, ಹಿರೇಬೆಂಡಿಗೇರಿಯಿಂದ ಆ ಯಜಮಾನರು ಬಂದಾರ. ಅವ್ವನ್ನ ಹಬ್ಬಕ್ಕ ಕರಿಯಾಕ ಬಂದೇನಿ ಅಂತ ಕುಂತಾರ. ಅವ್ವ ಆಗಲೇ ಚೀಲ ತುಂಬ್ಯಾಳ. ನಿನಗೂ ಬಾ ಅಂದಾರ."

ಹಬ್ಬದ ದಿನ ನಾನೂ ಹೋದೆ. ಅಂಗಳದ ಬೇವಿನ ಮರಕ್ಕೆ ಹಗ್ಗದ ಜೋಕಾಲಿ ಕಟ್ಟಿದ್ದರು. ಮನೆಯ ಹೆಣ್ಣುಮಕ್ಕಳು ದೂರದ ಊರುಗಳಿಂದ ಬಂದು ಸರದಿ ಕಾಯುತ್ತಿದ್ದರು, ಕೈಯಲ್ಲಿ ಎಳ್ಳುಂಡಿ, ಶೇಂಗಾದುಂಡಿ. ಖಾಲಾಳನ್ನು ಇಬ್ಬರು ಹಿಡಿದು ಜೋಕಾಲಿಯ ಹಲಗೆಯ ಮೇಲೆ ಕೂರಿಸಿದರು. ನಾನು ಗಾಬರಿಯಿಂದ, "ಮೆಲ್ಲಕ ತೂಗ್ರಿ, ಮೊಣಕಾಲು ನೋವೈತಿ ಆಕಿಗೆ" ಎಂದೆ.

"ನೀ ಸುಮ್ಮನಿರವಾ. ತವರಿಗೆ ಬಂದೇನಿ ನಾ" ಎಂದಳು ಖಾಲಾ. ಹಗ್ಗ ಬಿಗಿಯಾಗಿ ಹಿಡಿದು, ಇಳಕಲ್ ಸೀರೆಯ ನಿರಿಗೆ ಕಾಲಡಿ ಸಿಕ್ಕಿಸಿಕೊಂಡು, ಹಿಂದೆ ನಿಂತವರಿಗೆ ಕೂಗಿ ಹೇಳಿದಳು: "ಜೋರ ತೂಗ್ರಿ."